ಶಾಸನಸಭೆಯ ಹಳೆಯ ನಡವಳಿಯನ್ನು ಓದುವ ಬಗೆ: 1912ರ ಒಂದು ಕಲಾಪವನ್ನು ಮುಂದಿಟ್ಟುಕೊಂಡು

ಊರಿನ ಚರಿತ್ರೆ ಬರೆಯಲು ಹೊರಟವರು, ಯಾವುದಾದರೊಂದು ಕಾಯಿದೆಯ ಮೂಲವನ್ನು ಹುಡುಕುವ ವಕೀಲರು, ಸ್ವಾತಂತ್ರ್ಯಪೂರ್ವದ ರಾಜಕಾರಣವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು, ಇವರೆಲ್ಲ ಒಂದಲ್ಲ ಒಂದು ದಿನ ಬ್ರಿಟಿಷ್ ಆಳ್ವಿಕೆಯ ಕಾಲದ ಶಾಸನಸಭೆಗಳ ನಡವಳಿ ಸಂಪುಟಗಳ ಮುಂದೆ ಕೂರಬೇಕಾಗುತ್ತದೆ. ಸಂಪುಟ ತೆರೆದ ಕೂಡಲೇ ಹೆಸರಾಂತ ನಾಯಕರ ಭಾಷಣವಿರುವ ಪುಟವನ್ನು ಹುಡುಕುವುದು ಎಲ್ಲರ ಅಭ್ಯಾಸ. ನಾನೂ ಮೊದಮೊದಲು ಹಾಗೆಯೇ ಓದುತ್ತಿದ್ದೆ. ಪ್ರಾಥಮಿಕ ಶಿಕ್ಷಣದ ಮಸೂದೆಯ ಮೇಲೆ ಗೋಪಾಲಕೃಷ್ಣ ಗೋಖಲೆಯವರು ಆಡಿದ ಮಾತನ್ನು ಓದಿ, ವಾದ ಇಷ್ಟು ಗಟ್ಟಿಯಾಗಿದ್ದರೂ ಸಭೆ ಅದನ್ನೇಕೆ ಒಪ್ಪಲಿಲ್ಲವೆಂದು ಬಹಳ ಹೊತ್ತು ಯೋಚಿಸಿದ್ದೆ. ಉತ್ತರವಿದ್ದದ್ದು ಮೊದಲ ಪುಟದ ಹಾಜರಿ ಪಟ್ಟಿಯಲ್ಲಿ. ಅದನ್ನು ನಾನು ಓದದೆ ದಾಟಿ ಬಂದಿದ್ದೆ. ಆದ್ದರಿಂದ ಈ ಬರಹದಲ್ಲಿ ನಾನು ಹೇಳುವ ಓದಿನ ಕ್ರಮ ತುಸು ಬೇರೆ: ಮೊದಲು ಸಭೆಯಲ್ಲಿ ಯಾರ ಕೈಯಲ್ಲಿ ಎಷ್ಟು ಮತಗಳಿದ್ದವೆಂದು ಎಣಿಸಬೇಕು, ಆಮೇಲೆ ಮಾತನ್ನು ಕೇಳಬೇಕು. ಉದಾಹರಣೆಗೆ ಆ ಮಸೂದೆ ಬಿದ್ದುಹೋದ 1912ರ ಮಾರ್ಚ್ 18 ಮತ್ತು 19ರ ಕಲಾಪವನ್ನೇ ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ.

ಮೊದಲು ಕಾಲವನ್ನು ಗುರುತಿಸಿ

ಯಾವ ಸಂಪುಟವೇ ಆಗಲಿ, ಆ ಸಭೆ ಯಾವ ಕಾಯಿದೆಯ ಅಡಿಯಲ್ಲಿ ಸೇರಿತ್ತು ಎಂಬುದು ತಲೆಬರಹದಲ್ಲಿಯೇ ಇರುತ್ತದೆ. ಆ ಸಾಲನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಸದಸ್ಯರು ಏನು ಮಾಡಬಹುದಿತ್ತು, ಏನು ಮಾಡುವಂತಿರಲಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. 1853ರ ಚಾರ್ಟರ್ ಕಾಯಿದೆಯ ನಂತರ ಕಲ್ಕತ್ತೆಯಲ್ಲಿ 12 ಮಂದಿಯ ಶಾಸನಸಭೆ ಏರ್ಪಟ್ಟು ಅದರ ನಡವಳಿ ಅಚ್ಚಾಗತೊಡಗಿತು. 1861ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆ ಗವರ್ನರ್ ಜನರಲರ ಸಭೆಗೆ 6ರಿಂದ 12 ಮಂದಿ ಹೆಚ್ಚುವರಿ ಸದಸ್ಯರನ್ನು ಸೇರಿಸಿ, ಅವರಲ್ಲಿ ಅರ್ಧದಷ್ಟಾದರೂ ಸರ್ಕಾರಿ ಹುದ್ದೆಯಲ್ಲಿಲ್ಲದವರಿರಬೇಕೆಂದಿತು. ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತಗಳಿಗೆ ಕಾನೂನು ಮಾಡುವ ಅಧಿಕಾರವನ್ನು ಮರಳಿಸಿತು. ಆದರೆ ಆ ಸಭೆ ಸೇರುತ್ತಿದ್ದದ್ದು ಮಸೂದೆಗಳಿಗಾಗಿ ಮಾತ್ರ. ಪ್ರಶ್ನೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. 1892ಕ್ಕೆ ಹಿಂದಿನ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಬರಗಾಲದ ಬಗ್ಗೆ ಪ್ರಶ್ನೋತ್ತರವನ್ನು ಹುಡುಕುತ್ತ ಕೂತರೆ ದಿನ ಕಳೆದೀತೇ ಹೊರತು ಏನೂ ಸಿಗದು.

1892ರ ಕಾಯಿದೆ ಪ್ರಶ್ನೆ ಕೇಳಲು ಮತ್ತು ಆಯವ್ಯಯದ ಮೇಲೆ ಮಾತಾಡಲು ಅವಕಾಶ ಕೊಟ್ಟಿತು, ಆದರೆ ಉಪಪ್ರಶ್ನೆಗೂ (ಉತ್ತರ ಬಂದ ಮೇಲೆ ಅದರ ಬಗ್ಗೆ ಕೇಳುವ ಮರುಪ್ರಶ್ನೆ) ಮತದಾನಕ್ಕೂ ಅಲ್ಲ. 1909ರ ಮಾರ್ಲೆ–ಮಿಂಟೋ ಸುಧಾರಣೆ ನಿರ್ಣಯ ಮಂಡಿಸುವ ಹಕ್ಕನ್ನು ಕೊಟ್ಟಿತು. ಪ್ರಶ್ನೆ ಕೇಳಿದ ಸದಸ್ಯನೇ ಉಪಪ್ರಶ್ನೆಯನ್ನೂ ಕೇಳಬಹುದೆಂದಿತು. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ತಂದಿತು. 1919ರ ಕಾಯಿದೆಯ ನಂತರ, ಅಂದರೆ 1921ರಿಂದ, ಕೇಂದ್ರದಲ್ಲಿ ಎರಡು ಸದನಗಳಾದವು, ಪ್ರಾಂತಗಳಲ್ಲಿ ಕೆಲವು ಖಾತೆಗಳನ್ನು ಸಚಿವರಿಗೆ ಕೊಟ್ಟು ಉಳಿದವನ್ನು ಗವರ್ನರರ ಕೈಯಲ್ಲಿಯೇ ಇಟ್ಟ ದ್ವಿಸರ್ಕಾರ ಪದ್ಧತಿ ಬಂದಿತು. ನಮ್ಮ ಉದಾಹರಣೆ 1909 ಮತ್ತು 1919ರ ನಡುವಿನ ಅವಧಿಗೆ ಸೇರಿದ್ದು.

ಹಾಜರಿ ಪಟ್ಟಿಯ ಮುಂದೆ ಅರ್ಧ ಗಂಟೆ ಕಳೆಯಿರಿ

ಈ ಹೆಜ್ಜೆಯನ್ನು ಅವಸರದಲ್ಲಿ ಮುಗಿಸಬೇಡಿ. ಗವರ್ನರ್ ಜನರಲರ ಸಭೆಯ ನಡವಳಿ ಒಂದು ನಿಗದಿತ ಧಾಟಿಯಲ್ಲಿ ಆರಂಭವಾಗುತ್ತದೆ: ಸಭೆ ಸೇರಿದ ಸ್ಥಳ, ದಿನಾಂಕ, ಅಧ್ಯಕ್ಷತೆ ವಹಿಸಿದವರು, ಅವರ ಜೊತೆ ಇಷ್ಟು ಮಂದಿ ಸದಸ್ಯರು ಹಾಜರಿದ್ದರು, ಅವರಲ್ಲಿ ಇಷ್ಟು ಮಂದಿ ಹೆಚ್ಚುವರಿ ಸದಸ್ಯರು ಎಂಬ ಲೆಕ್ಕ. ಅಧ್ಯಕ್ಷರ ಪೀಠದಲ್ಲಿ ಕೂರುತ್ತಿದ್ದವರು ಸಾಮಾನ್ಯವಾಗಿ ವೈಸರಾಯ್, ಅಂದರೆ ಗವರ್ನರ್ ಜನರಲ್ ಅವರೇ, 1912ರಲ್ಲಿ ಲಾರ್ಡ್ ಹಾರ್ಡಿಂಜ್. ಸರ್ಕಾರದ ಮುಖ್ಯಸ್ಥನೇ ಸಭಾಪತಿಯೂ ಆಗಿದ್ದ ಸಭೆ ಅದು ಎಂಬುದನ್ನು ಮುಂದಿನ ಪ್ರತಿಯೊಂದು ಪುಟದಲ್ಲಿಯೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಒಂದು ಹಾಳೆಯಲ್ಲಿ ಮೂರು ಸಾಲು ಗೆರೆ ಎಳೆಯಿರಿ: ಸರ್ಕಾರಿ ಸದಸ್ಯರು, ಸರ್ಕಾರ ನೇಮಿಸಿದ ಖಾಸಗಿ ಸದಸ್ಯರು, ಚುನಾಯಿತರು. 1909ರ ನಿಯಮಗಳ ಪ್ರಕಾರ ಆ ಸಭೆಯ ಒಟ್ಟು ಬಲ 69. ಅವರಲ್ಲಿ 37 ಮಂದಿ ಸರ್ಕಾರಿ ಅಧಿಕಾರಿಗಳು, 32 ಮಂದಿ ಹೊರಗಿನವರು. ಆ 32ರಲ್ಲಿಯೂ 5 ಮಂದಿ ಸರ್ಕಾರದಿಂದ ನೇಮಕಗೊಂಡವರು, ಚುನಾಯಿತರು 27 ಮಾತ್ರ. ಅಧಿಕಾರಿಗಳು ಸರ್ಕಾರದ ನಿಲುವಿಗೆ ವಿರುದ್ಧವಾಗಿ ಮತ ಹಾಕುವಂತಿರಲಿಲ್ಲ. ಭಾರತೀಯ ಚುನಾಯಿತರೆಲ್ಲರೂ ಒಟ್ಟಾಗಿ ನಿಂತರೂ ಸೋಲು ನಿಶ್ಚಯವಾಗುವಂತೆ ಸಭೆಯನ್ನು ಕಟ್ಟಲಾಗಿತ್ತು. ಪ್ರಾಂತಗಳ ಸಭೆಗಳಲ್ಲಿ 1909ರ ನಂತರ ಅಧಿಕಾರಿಗಳಲ್ಲದವರೇ ಹೆಚ್ಚಾಗಿದ್ದರು ಎನ್ನುವುದು ನಿಜ, ಆದರೆ ಅಲ್ಲಿಯೂ ನೇಮಕಗೊಂಡವರನ್ನು ಬೇರೆಯಾಗಿ ಎಣಿಸಿದ ಮೇಲೆಯೇ ಸರಿಯಾದ ಚಿತ್ರ ಮೂಡುತ್ತದೆ.

ಹೆಸರಿನ ಹಿಂದೆ ಮುಂದೆ ಇರುವ ಬಿರುದುಗಳಿಂದ ಯಾರು ಯಾವ ಕಡೆಯವರೆಂದು ತೀರ್ಮಾನಿಸಬೇಡಿ. ‘ಆನರಬಲ್’ ಎಂಬುದು ಎಲ್ಲರಿಗೂ ಸಲ್ಲುತ್ತಿದ್ದ ಸಂಬೋಧನೆ. ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಸಿ.ಐ.ಇ. ಎಂಬ ಮೂರಕ್ಷರದ ಬಿರುದು ಸ್ವತಃ ಗೋಖಲೆಯವರ ಹೆಸರಿನ ಮುಂದೆಯೂ ಇದೆ. ಐ.ಸಿ.ಎಸ್. (ಇಂಡಿಯನ್ ಸಿವಿಲ್ ಸರ್ವಿಸ್) ಎಂದಿದ್ದರೆ ಅಧಿಕಾರಿಯೆಂದು ತಿಳಿಯಬಹುದು, ಉಳಿದವರ ವಿಷಯದಲ್ಲಿ ಅವರು ಯಾವ ಕ್ಷೇತ್ರದಿಂದ ಬಂದವರೆಂದು ಸಂಪುಟದ ಸದಸ್ಯರ ಪಟ್ಟಿಯಲ್ಲಿಯೋ ಗೆಜೆಟ್ಟಿನಲ್ಲಿಯೋ ನೋಡಬೇಕು. ಗೋಖಲೆಯವರು ಬೊಂಬಾಯಿ ಪ್ರಾಂತದ ಶಾಸನಸಭೆಯ ಅಧಿಕಾರಿಗಳಲ್ಲದ ಸದಸ್ಯರಿಂದ ಆರಿಸಿಬಂದವರು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಜನ ಆಗ ಬೊಂಬಾಯಿ ಪ್ರಾಂತದಲ್ಲಿದ್ದರು. ಅವರ ದನಿ ಕಲ್ಕತ್ತೆಗೆ ತಲುಪಬೇಕಾದರೆ ಇಂಥ ಸುತ್ತುಬಳಸಿನ ಚುನಾವಣೆಯನ್ನೇ ನೆಚ್ಚಬೇಕಿತ್ತು.

ಮಸೂದೆ ಯಾವ ಮೆಟ್ಟಿಲಲ್ಲಿದೆ ಎಂದು ನೋಡಿ

ಒಂದೇ ಮಸೂದೆಯ ಹೆಸರು ಒಂದು ವರ್ಷದ ಸಂಪುಟದಲ್ಲಿ ನಾಲ್ಕೈದು ಕಡೆ ಬರುವುದುಂಟು. ಮೊದಲಿಗೆ ಮಂಡಿಸಲು ಅನುಮತಿ ಕೇಳುತ್ತಾರೆ. ಅನುಮತಿ ಸಿಕ್ಕರೆ ಮಂಡನೆಯಾಗಿ, ಉದ್ದೇಶ ಮತ್ತು ಕಾರಣಗಳ ಹೇಳಿಕೆಯೊಡನೆ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ಪ್ರಾಂತ ಸರ್ಕಾರಗಳ, ಸಂಘ ಸಂಸ್ಥೆಗಳ ಅಭಿಪ್ರಾಯಕ್ಕೆ ಸುತ್ತುತ್ತದೆ. ಸೆಲೆಕ್ಟ್ ಕಮಿಟಿಗೆ, ಅಂದರೆ ಮಸೂದೆಯನ್ನು ಪರಿಶೀಲಿಸಲು ಆರಿಸಿದ ಕೆಲವು ಸದಸ್ಯರ ಸಮಿತಿಗೆ, ಒಪ್ಪಿಸಬೇಕೆಂಬ ಪ್ರಸ್ತಾವ ಬರುತ್ತದೆ. ಕಮಿಟಿಯ ವರದಿ ಮತ್ತು ಅದರೊಡನೆ ಭಿನ್ನಮತದ ಟಿಪ್ಪಣಿಗಳು ಬರುತ್ತವೆ. ಆಮೇಲೆ ಕಲಂವಾರು ಚರ್ಚೆ, ತಿದ್ದುಪಡಿಗಳು, ಅಂಗೀಕಾರ, ಕೊನೆಗೆ ಗವರ್ನರ್ ಜನರಲರ ಒಪ್ಪಿಗೆ. ನೀವು ಓದುತ್ತಿರುವ ದಿನದ ಚರ್ಚೆ ಇವುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಗೊತ್ತಾದರೆ ಮಾತಿನ ತೂಕ ತಾನಾಗಿ ತಿಳಿಯುತ್ತದೆ.

ಗೋಖಲೆಯವರು 1910ರ ಮಾರ್ಚ್‌ನಲ್ಲಿ ಉಚಿತ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಬಗ್ಗೆ ಮೊದಲು ಒಂದು ನಿರ್ಣಯವನ್ನು ತಂದರು, ಚರ್ಚೆಯ ಕೊನೆಗೆ ಅದನ್ನು ಹಿಂತೆಗೆದುಕೊಂಡರು. 1911ರ ಮಾರ್ಚ್ 16ರಂದು ಮಸೂದೆಯನ್ನೇ ಮಂಡಿಸಿದರು. ಅದು ಒಂದು ವರ್ಷ ಅಭಿಪ್ರಾಯ ಸಂಗ್ರಹಕ್ಕಾಗಿ ಸುತ್ತಿತು. 1912ರ ಮಾರ್ಚ್‌ನಲ್ಲಿ ಅವರು ಕೇಳಿದ್ದು ಮಸೂದೆಯನ್ನು ಸೆಲೆಕ್ಟ್ ಕಮಿಟಿಗೆ ಒಪ್ಪಿಸಿ ಎಂದಷ್ಟೇ. ಅಂದರೆ ಸಭೆ ತಿರಸ್ಕರಿಸಿದ್ದು, ಮಸೂದೆಯನ್ನು ಕೂತು ಪರಿಶೀಲಿಸೋಣ ಎಂಬ ಮಾತನ್ನೇ. ಇದನ್ನು ಗಮನಿಸದೆ ‘ಮಸೂದೆ ಸೋತಿತು’ ಎಂದಷ್ಟೇ ಬರೆದುಕೊಂಡರೆ ಆ ದಿನ ನಡೆದದ್ದರ ಕಠೋರತೆ ನಮ್ಮ ಅರಿವಿಗೆ ಬರುವುದಿಲ್ಲ.

ಇದಕ್ಕೆ ನೇರ ಎದುರಾದ ಉದಾಹರಣೆಯೂ ಉಂಟು. ದೇಶಭಾಷೆಯ ಪತ್ರಿಕೆಗಳನ್ನು ಹತ್ತಿಕ್ಕಿದ 1878ರ ಕಾಯಿದೆ ಮಂಡನೆಯಾಗಿದ್ದೂ ಅಂಗೀಕಾರವಾಗಿದ್ದೂ ಮಾರ್ಚ್ 14ರ ಒಂದೇ ಬೈಠಕ್ಕಿನಲ್ಲಿ. ಮೇಲೆ ಹೇಳಿದ ಮೆಟ್ಟಿಲುಗಳಲ್ಲಿ ಯಾವುದನ್ನು ಹಾರಲಾಯಿತು ಎಂದು ಗುರುತು ಹಾಕಿಕೊಳ್ಳುವುದು, ಇದ್ದ ಮೆಟ್ಟಿಲುಗಳನ್ನು ಎಣಿಸುವಷ್ಟೇ ಮುಖ್ಯ.

ಚರ್ಚೆಯನ್ನು ಮಸೂದೆಯ ಪಠ್ಯದ ಜೊತೆಗೆ ಓದಿ

ಭಾಷಣಕ್ಕೆ ಕೈ ಹಾಕುವ ಮೊದಲು ಮಸೂದೆಯನ್ನು ಒಮ್ಮೆ ಓದಿಬಿಡಿ. ವಿರೋಧಿಗಳು ಮಸೂದೆಯಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳಿ ಟೀಕಿಸುವುದು ಆಗಲೂ ಇತ್ತು. ಗೋಖಲೆಯವರ ಮಸೂದೆ ಇಡೀ ದೇಶಕ್ಕೆ ಒಮ್ಮೆಗೇ ಕಡ್ಡಾಯ ಶಿಕ್ಷಣವನ್ನು ಹೇರಿರಲಿಲ್ಲ. ಆಗಲೇ ನಿಗದಿತ ಪ್ರಮಾಣದ ಮಕ್ಕಳು ಶಾಲೆಗೆ ಹೋಗುತ್ತಿರುವ ಪ್ರದೇಶದಲ್ಲಿ, ಅಲ್ಲಿನ ಪುರಸಭೆ ಅಥವಾ ಜಿಲ್ಲಾ ಬೋರ್ಡು ತಾನಾಗಿ ಬಯಸಿದರೆ, ಪ್ರಾಂತ ಸರ್ಕಾರದ ಮಂಜೂರಾತಿ ಪಡೆದು, 6ರಿಂದ 10 ವರ್ಷದ ಗಂಡುಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಬಹುದೆಂದು ಅದು ಹೇಳಿತ್ತು. ಖರ್ಚಿನಲ್ಲಿ ಮೂರನೆಯ ಒಂದು ಭಾಗ ಸ್ಥಳೀಯ ಸಂಸ್ಥೆಯದು, ಉಳಿದ ಎರಡು ಭಾಗ ಸರ್ಕಾರದ್ದು ಎಂಬುದು ಗೋಖಲೆಯವರ ಲೆಕ್ಕ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನವಿರುವ ತಂದೆಯಿಂದ ಶುಲ್ಕ ವಸೂಲಿ ಮಾಡುವಂತಿರಲಿಲ್ಲ.

ಇಷ್ಟು ಎಚ್ಚರಿಕೆಯಿಂದ, ಇಷ್ಟು ಬೇಲಿ ಹಾಕಿ ಬರೆದ ಮಸೂದೆಯೊಂದಿಗೆ ಸರ್ಕಾರದ ಉತ್ತರವನ್ನು ಹೋಲಿಸಿ ಓದಿ. ಶಿಕ್ಷಣ ಖಾತೆಯ ಸದಸ್ಯ ಸರ್ ಹಾರ್ಕೋರ್ಟ್ ಬಟ್ಲರ್ ಅವರ ಆಕ್ಷೇಪಗಳು ಮುಖ್ಯವಾಗಿ ಇವು: ಜನರಿಂದ ಬೇಡಿಕೆ ಬಂದಿಲ್ಲ, ಪ್ರಾಂತ ಸರ್ಕಾರಗಳು ಒಪ್ಪುತ್ತಿಲ್ಲ, ವಿದ್ಯಾವಂತ ಭಾರತೀಯರಲ್ಲಿಯೇ ಒಮ್ಮತವಿಲ್ಲ, ಸ್ಥಳೀಯ ಸಂಸ್ಥೆಗಳು ಹೊಸ ತೆರಿಗೆಗೆ ಸಿದ್ಧವಿಲ್ಲ. ಪ್ರತಿಯೊಂದು ಆಕ್ಷೇಪದ ಪಕ್ಕದಲ್ಲಿ ಮಸೂದೆಯ ಸಂಬಂಧಪಟ್ಟ ಕಲಮನ್ನು ಬರೆದುಕೊಳ್ಳಿ. ಬಯಸಿದ ಊರಿನಲ್ಲಿ ಮಾತ್ರ ಜಾರಿಯಾಗುವ ಕಾನೂನಿಗೆ, ಬಯಸದ ಊರುಗಳ ಒಪ್ಪಿಗೆ ಏಕೆ ಬೇಕು ಎಂಬ ಪ್ರಶ್ನೆ ನಿಮಗೇ ಏಳುತ್ತದೆ. ಅಭಿಪ್ರಾಯ ಸಂಗ್ರಹದ ಕಾಗದಪತ್ರಗಳು ಸಾಮಾನ್ಯವಾಗಿ ಬೇರೆ ಕಟ್ಟುಗಳಲ್ಲಿರುತ್ತವೆ. ಸಿಕ್ಕರೆ ಅವನ್ನೂ ತರಿಸಿ ನೋಡಿ, ಯಾರನ್ನು ಕೇಳಲಾಯಿತು, ಯಾರನ್ನು ಕೇಳಲಿಲ್ಲ ಎಂಬುದು ಅಲ್ಲಿ ಎದ್ದು ಕಾಣುತ್ತದೆ.

ಆಗಿನ ಸದಸ್ಯರು ಭಾಷಣವನ್ನು ಬರೆದು ತಂದು ಓದುವುದು ಸಾಮಾನ್ಯವಾಗಿತ್ತು. ಆದ್ದರಿಂದ ಅಚ್ಚಿನಲ್ಲಿ ಕಾಣುವ ಸೊಗಸಾದ ವಾಕ್ಯಗಳನ್ನು ಅಲ್ಲೇ ನಿಂತು ಆಡಿದ ಮಾತೆಂದು ಭಾವಿಸಬಾರದು. ಹಿಂದಿನ ಸದಸ್ಯನ ವಾದಕ್ಕೆ ನೇರ ಉತ್ತರವಿರುವ ಕಡೆ, ನಡುವೆ ಯಾರೋ ತಡೆದು ಪ್ರಶ್ನಿಸಿದ ಕಡೆ, ಚರ್ಚೆ ಮುಗಿಸುತ್ತ ಮಸೂದೆಯ ಒಡೆಯ ಕೊಡುವ ಮಾರುತ್ತರದಲ್ಲಿ ನಿಜವಾದ ಸಂವಾದ ಸಿಗುತ್ತದೆ. ಮಾರ್ಚ್ 19ರ ಗೋಖಲೆಯವರ ಮಾರುತ್ತರವನ್ನು ಈ ಕಾರಣಕ್ಕಾಗಿ ನಿಧಾನವಾಗಿ ಓದಬೇಕು. ದಿನ ಮುಗಿಯುವುದರೊಳಗೆ ತನ್ನ ಮಸೂದೆಯನ್ನು ಹೊರಗೆಸೆಯಲಾಗುತ್ತದೆಂದು ತನಗೆ ಗೊತ್ತಿದೆ, ಅದಕ್ಕೆ ದೂರಿಲ್ಲ, ಕುಗ್ಗುವುದೂ ಇಲ್ಲ, ಈ ತಲೆಮಾರಿನವರು ಸೋಲುಗಳ ಮೂಲಕವೇ ದೇಶಸೇವೆ ಮಾಡಬೇಕಾಗಿದೆ ಎಂಬ ಅರ್ಥದ ಮಾತುಗಳನ್ನು ಅವರು ಆಡಿದ್ದಾರೆ. ಹಾಜರಿ ಪಟ್ಟಿಯನ್ನು ಎಣಿಸಿ ಬಂದವರಿಗೆ ಈ ಮಾತು ಬೇರೆಯದೇ ಆಗಿ ಕೇಳಿಸುತ್ತದೆ. ಎದುರು ಕೂತವರ ಮತವನ್ನು ಬದಲಿಸಲಾರೆನೆಂದು ತಿಳಿದಿದ್ದ ಮನುಷ್ಯ, ಅಂಕಿ ಅಂಶ ಜೋಡಿಸಿ, ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟದ್ದು, ಅಚ್ಚಾಗಿ ಉಳಿಯುವ ಆ ಪುಟಗಳನ್ನು ಮುಂದೆ ಓದಲಿರುವ ನಮ್ಮಂಥವರಿಗಾಗಿ. ನನಗೆ ಈ ಸಂಪುಟಗಳ ಮೇಲೆ ಗೌರವ ಹುಟ್ಟಿದ್ದು ಆ ಪುಟದಿಂದ.

ಮತವಿಭಜನೆಯ ಪುಟ

ಚರ್ಚೆಯ ಕೊನೆಯಲ್ಲಿ ಎರಡು ಬಗೆಯ ಬರಹ ಕಾಣುತ್ತದೆ. ಪ್ರಸ್ತಾವವನ್ನು ಸಭೆಯ ಮುಂದಿಡಲಾಯಿತು, ಒಪ್ಪಿಗೆಯಾಯಿತು ಎಂದಷ್ಟೇ ಇದ್ದರೆ ಹೆಸರುಗಳು ಸಿಗುವುದಿಲ್ಲ. ಸಭೆ ವಿಭಜನೆಗೊಂಡಿತು ಎಂದಿದ್ದರೆ ಪರ ಮತ್ತು ವಿರೋಧದ ಹೆಸರುಗಳು ಎದುರು ಬದುರು ಅಚ್ಚಾಗಿರುತ್ತವೆ. 1912ರ ಮಾರ್ಚ್ 19ರಂದು ಪರವಾಗಿ 13, ವಿರುದ್ಧವಾಗಿ 38. ಪರವಾಗಿ ನಿಂತವರಲ್ಲಿ ಮದನಮೋಹನ ಮಾಳವೀಯ ಮತ್ತು ಮಹಮ್ಮದ್ ಅಲಿ ಜಿನ್ನಾ ಇದ್ದರು.

ಆಗ ನೀವು ಗೆರೆ ಎಳೆದ ಹಾಳೆಯನ್ನು ತೆಗೆದು ಒಂದೊಂದೇ ಹೆಸರಿಗೆ ಗುರುತು ಹಾಕಿ. ಚುನಾಯಿತರೇ 27 ಮಂದಿ ಇದ್ದ ಸಭೆಯಲ್ಲಿ 13 ಮತ ಎಂದಾಗ ಉಳಿದವರೇನಾದರು ಎಂದು ಕೇಳಲೇಬೇಕು. ವಿರೋಧದ 38ರಲ್ಲಿ ಎಲ್ಲರೂ ಆಂಗ್ಲ ಅಧಿಕಾರಿಗಳಲ್ಲ. ಭಾರತೀಯ ಸದಸ್ಯರೂ ಇದ್ದಾರೆ. ಕೆಲವರು ಹಾಜರಿರಲಿಲ್ಲ. ಹಾಜರಿಲ್ಲದ್ದನ್ನು ತಟಸ್ಥತೆಯೆಂದೂ ವಿರೋಧವೆಂದೂ ಬರೆಯಬೇಡಿ; ಹಾಜರಿಲ್ಲ ಎಂದಷ್ಟೇ ಬರೆಯಿರಿ. ಬಡವರ ಮಕ್ಕಳು ಶಾಲೆಗೆ ಹೋದರೆ ಕೂಲಿಯವರು ಸಿಗುವುದಿಲ್ಲವೆಂಬ ಜಮೀನುದಾರರ ಆತಂಕವೂ ಆ ಕಾಲದ ಚರ್ಚೆಯಲ್ಲಿ ಇದ್ದದ್ದರಿಂದ, ನಮ್ಮವರೇ ಏಕೆ ಹಿಂದೆ ಸರಿದರೆಂಬುದನ್ನೂ ಮುಚ್ಚಿಡದೆ ನೋಡುವುದು ಪ್ರಾಮಾಣಿಕ ಓದುಗನ ಕರ್ತವ್ಯ.

ಇದರ ಪಕ್ಕದಲ್ಲಿ ಇಡಬಹುದಾದ ಇನ್ನೊಂದು ಪುಟ 1919ರ ಮಾರ್ಚ್ 18ರದು. ಅಂದು, ವಿಚಾರಣೆಯಿಲ್ಲದೆ ಬಂಧಿಸಲು ಅವಕಾಶ ಕೊಡುವ ರೌಲಟ್ ಮಸೂದೆ 35ಕ್ಕೆ 20 ಮತಗಳಿಂದ ಅಂಗೀಕಾರವಾಯಿತು. ಚುನಾಯಿತ ಭಾರತೀಯ ಸದಸ್ಯರು ಒಟ್ಟಾಗಿ ವಿರೋಧಿಸಿದರೂ ಸರ್ಕಾರ ಗೆದ್ದಿತು. ಜಿನ್ನಾ, ಮಾಳವೀಯ ಮೊದಲಾದವರು ಸಭೆಗೆ ರಾಜೀನಾಮೆ ಕೊಟ್ಟರು. 1912ರ ಪುಟದಲ್ಲಿ ಒಡೆದಿದ್ದ ಭಾರತೀಯ ಮತ 1919ರಲ್ಲಿ ಒಂದಾದ ಬಗೆಯನ್ನು ಭಾಷಣಗಳಿಗಿಂತ ಈ ಎರಡು ಪಟ್ಟಿಗಳೇ ಸ್ಪಷ್ಟವಾಗಿ ತೋರಿಸುತ್ತವೆ.

ಮತದ ಪಟ್ಟಿಯಲ್ಲಿ ಇದ್ದಕ್ಕಿದ್ದಂತೆ ಕೆಲವು ಹೆಸರು ಮಾಯವಾದರೂ ಎಚ್ಚರಗೊಳ್ಳಿ. 1901ರ ಆಗಸ್ಟ್‌ನಲ್ಲಿ ಬೊಂಬಾಯಿ ಶಾಸನಸಭೆ ಭೂಕಂದಾಯ ಸಂಹಿತೆಯ ತಿದ್ದುಪಡಿಯನ್ನು ಚರ್ಚಿಸುತ್ತಿದ್ದಾಗ, ಮಸೂದೆಯನ್ನು ಮುಂದೂಡಬೇಕೆಂಬ ಪ್ರಯತ್ನ ಸೋತ ಮೇಲೆ ಫಿರೋಜ್ ಷಾ ಮೆಹ್ತಾ, ಗೋಖಲೆ ಮತ್ತು ಅವರ ಸಂಗಡಿಗರು ಸಭೆಯಿಂದ ಎದ್ದುಹೋದರು. ಧಾರವಾಡ, ಬೆಳಗಾವಿಯ ರೈತರನ್ನೂ ಮುಟ್ಟುವ ಕಾನೂನು ಅದು.

ನಿರ್ಣಯ, ಪ್ರಶ್ನೆ, ಆಯವ್ಯಯ

ನಿರ್ಣಯವೆಂದರೆ ಸರ್ಕಾರಕ್ಕೆ ಮಾಡುವ ಶಿಫಾರಸು, ಕಾನೂನಲ್ಲ. ಅಂಗೀಕಾರವಾದ ಮಾತ್ರಕ್ಕೆ ಜಾರಿಯಾಯಿತೆಂದು ತಿಳಿಯಬಾರದು. ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಯಬೇಕೆಂದು ಎಸ್.ಕೆ. ಬೋಳೆಯವರು 1923ರ ಆಗಸ್ಟ್ 4ರಂದು ಬೊಂಬಾಯಿ ಶಾಸನಸಭೆಯಲ್ಲಿ ತಂದ ನಿರ್ಣಯ ಅಂಗೀಕಾರವಾಯಿತು. ಆದರೂ 1927ರ ಮಾರ್ಚ್‌ನಲ್ಲಿ ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಲು ಸತ್ಯಾಗ್ರಹ ಮಾಡಬೇಕಾಯಿತು. ನಿರ್ಣಯ ಸಿಕ್ಕ ಕೂಡಲೇ ಅದರ ಬೆನ್ನಿಗೆ ಹೊರಟ ಸರ್ಕಾರಿ ಆದೇಶವನ್ನೂ, ಆಮೇಲೆ ಅದರ ಬಗ್ಗೆ ಕೇಳಲಾದ ಪ್ರಶ್ನೆಗಳನ್ನೂ ಹುಡುಕಬೇಕು.

ಪ್ರಶ್ನೋತ್ತರಗಳು ಊರಿನ ಚರಿತ್ರೆಗೆ ಬಹಳ ಉಪಯುಕ್ತ. ರಸ್ತೆ, ಆಸ್ಪತ್ರೆ, ಕಂದಾಯ ಮನ್ನಾ, ಅಧಿಕಾರಿಯ ದರ್ಪ, ಎಲ್ಲವೂ ಅಲ್ಲಿ ಬರುತ್ತವೆ. ಉತ್ತರದ ಜೊತೆಗೆ ಮೇಜಿನ ಮೇಲೆ ಇಡಲಾದ ತಖ್ತೆಗಳು (ಅಂಕಿ ಅಂಶಗಳ ಪಟ್ಟಿಗಳು) ಸಂಪುಟದ ಅನುಬಂಧದಲ್ಲಿ ಇರುವುದರಿಂದ ಅನುಬಂಧವನ್ನು ಬಿಡಬೇಡಿ. ಆಯವ್ಯಯದ ವಿಷಯದಲ್ಲಿ 1921ರ ನಂತರ ಅನುದಾನ ಬೇಡಿಕೆಗಳ ಮೇಲೆ ಮತದಾನವಿತ್ತು, ಆದರೆ ಮತಕ್ಕೆ ಒಳಪಡದ ಬಾಬುಗಳೂ ಇದ್ದವು, ಸಭೆ ತಿರಸ್ಕರಿಸಿದ್ದನ್ನು ಅಗತ್ಯವೆಂದು ಪ್ರಮಾಣೀಕರಿಸಿ ಜಾರಿಗೊಳಿಸುವ ಅಧಿಕಾರವೂ ಗವರ್ನರ್ ಜನರಲರಿಗೆ ಇತ್ತು. 1923ರಲ್ಲಿ ಉಪ್ಪಿನ ತೆರಿಗೆಯನ್ನು ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸುವುದನ್ನು ಕೇಂದ್ರ ಶಾಸನಸಭೆ ಒಪ್ಪದಿದ್ದಾಗ ವೈಸರಾಯ್ ಲಾರ್ಡ್ ರೀಡಿಂಗ್ ಮಾಡಿದ್ದು ಅದನ್ನೇ.

ಕನ್ನಡ ನಾಡಿನ ಸಂಗತಿಯನ್ನು ಎಲ್ಲಿ, ಯಾವ ಹೆಸರಿನಲ್ಲಿ ಹುಡುಕಬೇಕು

ಕನ್ನಡ ಪ್ರದೇಶ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ದಕ್ಷಿಣ ಕನ್ನಡ, ಬಳ್ಳಾರಿ ಮತ್ತು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ವಿಷಯಗಳು ಮದ್ರಾಸ್ ಸಂಪುಟಗಳಲ್ಲಿವೆ. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೂ ಆಮೇಲೆ ಬೊಂಬಾಯಿಗೂ ಸೇರಿದ್ದರಿಂದ ವರ್ಷ ನೋಡಿ ಸಂಪುಟ ಆರಿಸಬೇಕು. ಕೊಡಗಿಗೆ 1924ರಲ್ಲಿ 20 ಸದಸ್ಯರ ಸ್ವಂತ ಶಾಸನಸಭೆ ಬಂದಿತು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಮತ್ತು 1907ರಲ್ಲಿ ಏರ್ಪಟ್ಟ ನ್ಯಾಯವಿಧಾಯಕ ಸಭೆಯ ನಡವಳಿಗಳು ಬೇರೆಯೇ ಸಾಲಿನವು.

ಸೂಚಿಯಲ್ಲಿ ‘ಕನ್ನಡ’ ಎಂಬ ಶಬ್ದಕ್ಕೆ ಏನೂ ಸಿಗದಿದ್ದರೆ ‘ಕೆನರೀಸ್’ ಎಂದು ನೋಡಿ. ಜಿಲ್ಲೆಗಳಿಗೆ ‘ಸೌತ್ ಕೆನರಾ’, ‘ನಾರ್ತ್ ಕೆನರಾ’, ‘ಧಾರ್ವಾರ್’, ಮಡಿಕೇರಿಗೆ ‘ಮರ್ಕಾರಾ’, ಬೊಂಬಾಯಿ ಪ್ರಾಂತದ ದಕ್ಷಿಣ ಭಾಗಕ್ಕೆ ‘ಸದರ್ನ್ ಮರಾಠಾ ಕಂಟ್ರಿ’ ಅಥವಾ ‘ಸದರ್ನ್ ಡಿವಿಷನ್’ ಎಂಬ ಹೆಸರುಗಳೇ ಚಾಲ್ತಿಯಲ್ಲಿದ್ದವು. ಗಣಕಯಂತ್ರದಲ್ಲಿ ಹುಡುಕುವವರು ಇಂಗ್ಲಿಷ್ ಕಾಗುಣಿತವನ್ನು ಎರಡು ಮೂರು ಬಗೆಯಲ್ಲಿ ಬದಲಿಸಿ ನೋಡಬೇಕು, ಏಕೆಂದರೆ ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ಕೇಂದ್ರ ಸಭೆಗಳ ಸಂಪುಟಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ, ಹಲವು ಪ್ರಾಂತ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಮೂಲ ಪ್ರತಿಗಾಗಿ ಚೆನ್ನೈ ಮತ್ತು ಮುಂಬಯಿಯ ಪತ್ರಾಗಾರಗಳಿಗೆ ಹೋಗಬೇಕು.

ನಡವಳಿಯನ್ನು ಅದೊಂದರಿಂದಲೇ ಅರ್ಥಮಾಡಿಕೊಳ್ಳಲು ಹೋಗಬೇಡಿ. ಪ್ರಾಂತ ಸರ್ಕಾರಗಳು ದೇಶಭಾಷೆಯ ಪತ್ರಿಕೆಗಳಲ್ಲಿ ಬಂದದ್ದನ್ನು ಇಂಗ್ಲಿಷಿಗೆ ಸಂಗ್ರಹಿಸಿ ಗೋಪ್ಯ ವರದಿಗಳನ್ನು ಮಾಡಿಸುತ್ತಿದ್ದವು. ಮೂಲ ಪತ್ರಿಕೆಗಳು ನಶಿಸಿಹೋಗಿರುವ ಕಡೆ ಕನ್ನಡಿಗರು ಆ ಚರ್ಚೆಯ ಬಗ್ಗೆ ಏನು ಬರೆದಿದ್ದರೆಂದು ತಿಳಿಯಲು ಆ ವರದಿಗಳೇ ದಾರಿ.

ಕೊನೆಯ ಹೆಜ್ಜೆ: ಮುಂದಿನ ಹತ್ತು ವರ್ಷದ ಸಂಪುಟಗಳನ್ನು ತೆರೆಯಿರಿ

ಬಿದ್ದುಹೋದ ಮಸೂದೆಯ ಕಡತವನ್ನು ಸೋಲಿನ ದಿನಕ್ಕೆ ಮುಚ್ಚಬಾರದು. ಗೋಖಲೆಯವರು 1915ರ ಫೆಬ್ರವರಿ 19ರಂದು ತೀರಿಕೊಂಡರು. ಅದಕ್ಕೆ ಮೊದಲೇ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಅವಕಾಶ ಮಾಡುವ ರೆಗ್ಯುಲೇಷನ್ ತಂದಿತ್ತು. ಬೊಂಬಾಯಿ ಶಾಸನಸಭೆಯಲ್ಲಿ ವಿಠ್ಠಲಭಾಯಿ ಪಟೇಲರು ಜಿಲ್ಲಾ ಪುರಸಭೆಗಳಿಗಾಗಿ ತಂದ ಖಾಸಗಿ ಮಸೂದೆ 1918ರಲ್ಲಿ ಕಾಯಿದೆಯಾಯಿತು, 1920ರಲ್ಲಿ ಮದ್ರಾಸ್ ಪ್ರಾಂತವೂ ತನ್ನ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ಮಾಡಿತು. 1911ರ ಮಸೂದೆ ಮತ್ತು 1918ರ ಬೊಂಬಾಯಿ ಕಾಯಿದೆಯನ್ನು ಅಕ್ಕಪಕ್ಕದಲ್ಲಿಟ್ಟು ಕಲಂವಾರು ಓದಿ: ಪುರಸಭೆ ತಾನಾಗಿ ಮುಂದೆ ಬರಬೇಕು, ಸರ್ಕಾರದ ಮಂಜೂರಾತಿ ಪಡೆಯಬೇಕು ಎಂಬ ಅದೇ ಕಟ್ಟು ಅಲ್ಲಿದೆ. ಆಮೇಲೆ ನಿಮ್ಮ ಊರು ಬೊಂಬಾಯಿ ಪ್ರಾಂತದ ಪುರಸಭೆಯಾಗಿದ್ದರೆ, 1918ರಿಂದ ಮುಂದಿನ ಅದರ ನಡವಳಿ ಪುಸ್ತಕವನ್ನು ಕೇಳಿ ತೆಗೆಸಿ, ಶಾಲೆಯನ್ನು ಕಡ್ಡಾಯ ಮಾಡುವ ಪ್ರಸ್ತಾವವನ್ನು ಅಲ್ಲಿ ಯಾರು ತಂದರು, ಯಾರು ವಿರೋಧಿಸಿದರು, ಎಷ್ಟು ಮತ ಬಿದ್ದವು ಎಂದು ಅದೇ ಮೂರು ಸಾಲಿನ ಹಾಳೆಯಲ್ಲಿ ಬರೆದುಕೊಳ್ಳಿ.